ಎರಡ್ನೇ ಭಾಗ ಬರೂತನಕ

ನಾ ಹೆಚ್ಚು ಮಾತಾಡಾಕಿ ಅಲ್ಲ. ದಿನಕ್ಕ ಹತ್ತು ಮಾತು ಆಡಿದ್ರ ಜಾಸ್ತಿ, ಅದ್ರಾಗ ಆರು ಬರೇ "ಹೂಂ" ಇರ್ತಾವ. ಆದ್ರ ಬಾಯಿ ತಗದ ಒಂದೊಂದು ಸಲಾನೂ ಏನಾರ ಒಂದು ಆಗೇ ಆಗ್ತದ. ಹೋದ ವರ್ಷ ಒಂದೇ ಒಂದು ಮಾತು ಆಡಿದ್ದಕ್ಕ ರಾಯಚೂರಾಗ, ದೇವದುರ್ಗದಾಗ, ಮಾನ್ವಿ ಕಡಿ ಏನೇನು ನಡೀತು ಅನ್ನೋದು ಇದೇ ಮೊದ್ಲ ಸಲ ಹೇಳಾಕತ್ತೀನಿ. ಬರದು ಹೇಳಾಕತ್ತೀನಿ, ಯಾಕಂದ್ರ ಎದುರಿಗಿ ಕುಂತು ಹೇಳು ಅಂದ್ರ ನನ್ನ ಕೈಲಿ ಆಗಂಗಿಲ್ಲ.

೧. ಒಳಗ ಉಳದವ

ನಮ್ಮ ಓಣಿ ಹೆಂಗಸ್ರು ಮಧ್ಯಾಹ್ನ ಮೊರ ಹಿಡ್ಕೊಂಡು ನಮ್ಮ ಕಟ್ಟಿ ಮ್ಯಾಲ ಬಂದು ಕುಂದರ್ತಾರ, ಜ್ವಾಳ ಹಸನ ಮಾಡಾಕ. ಅವ್ರು ಕಲ್ಲು ಆರಿಸ್ತಾರ, ನಾ ಪುಸ್ತಕ ಓದಿ ಹೇಳ್ತೀನಿ. ಅವ್ರಿಗಿ ಓದಾಕ ಬರಂಗಿಲ್ಲ, ನನಗ ಮಾತಾಡಾಕ ಬರಂಗಿಲ್ಲ, ಅದಕ್ಕ ಇದು ಸರಿ ಹೊಂದ್ಯಾದ. ಪುಸ್ತಕ ಮುಖಕ್ಕ ಅಡ್ಡ ಹಿಡದ್ರ ನನಗ ಯಾರೂ ಕಾಣಂಗಿಲ್ಲ, ದನಿ ತಾನೇ ಬರ್ತದ. ಪುಸ್ತಕ ಕೆಳಗ ಇಟ್ರ ದನೀನೂ ಕೆಳಗ ಹೋಗ್ತದ.

ನಮ್ಮ ದೇಶದವ್ರೊಬ್ರು ರಾಕೆಟ್ಟಿನಾಗ ಆಕಾಶಕ್ಕ ಹೋಗಿ ಬಂದ ಮ್ಯಾಲ ಎಲ್ರಿಗೂ ಅಂಥಾವೇ ಕತಿ ಬೇಕಾಗಿದ್ವು. ಹಂಗಾಗಿ ಒಂದು ವಿಜ್ಞಾನದ ಕಾದಂಬರಿ ತಂದೆ. ಅದ್ರಾಗ ಒಬ್ಬ ವಿಜ್ಞಾನಿ ಬ್ಯಾರೆ ಗ್ರಹಕ್ಕ ಹೋಗಿ ಇಳೀತಾನ. ಅಲ್ಲೊಂದು ಕಲ್ಲಿನ ಮನಿ. ಇವ ಒಳಗ ಕಾಲಿಡ್ತಾನ, ಹಿಂದ ಬಾಗ್ಲ ಮುಚ್ಕೋತದ. ಒಳಗ ಚಿಲಕಾನೇ ಇಲ್ಲ. ಉಸಿರಾಡೋ ಗಾಳಿ ಇನ್ನೊಂದು ದಿನಕ್ಕ ಸಾಲೋವಷ್ಟು ಉಳದದ. ಅಲ್ಲಿಗಿ "ಮೊದಲನೆಯ ಭಾಗ ಮುಗಿಯಿತು" ಅಂತ ಹಾಕ್ಯಾರ.

ನಾ ಪುಸ್ತಕ ಮುಚ್ಚಿದೆ. ಯಾರೂ ಏಳಲಿಲ್ಲ.

"ಮುಂದ ಓದು," ಅಂದ್ಳು ಅವ್ವ.

"ಮುಗೀತು."

"ಮುಗೀತಂದ್ರ? ಅವ ಇನ್ನಾ ಒಳಗ ಅದಾನಲ್ಲ."

ಬಾಜೂಮನಿ ಮುದುಕಿ ಒಬ್ಬಾಕಿ ಅದಾಳ, ನಾವೆಲ್ಲಾ ಆಯಿ ಅಂತೀವಿ. ಆಕಿ ಮೊರ ಕೆಳಗ ಇಟ್ಟು ನನ್ನೇ ನೋಡಾಕತ್ಲು. "ಅಷ್ಟು ದೂರ ಕರ್ಕೊಂಡು ಹೋಗಿ ಒಬ್ಬನ್ನೇ ಬಿಟ್ಟು ಬಂದಿಯಲ್ಲ ಬೇ. ಕರುಳಿಲ್ಲೇನು ನಿನಗ?"

"ನಾ ಅಲ್ಲ ಆಯಿ, ಬರದವ್ರು."

"ಬರದವ್ರು ನನಗ ಕಂಡಾರೇನು? ನೀ ಕಾಣಾಕತ್ತಿ."

ಮೂರನೇ ದಿನಕ್ಕ ಆಯಿ ಸೊಸಿ ಹಿತ್ತಲ ಬಾಗ್ಲಿಂದ ಬಂದು ನನ್ನ ಕೈ ಹಿಡದ್ಲು. "ಯವ್ವಾ, ನಿನ್ನ ಕಾಲಿಗಿ ಬೀಳ್ತೀನಿ, ಅವನ್ನ ಹ್ಯಾಂಗಾರ ಮಾಡಿ ಹೊರಗ ತಗಿ. ನಮ್ಮತ್ತಿ, ಅವ ಅಲ್ಲಿ ಉಸಿರುಗಟ್ಟಿ ಕುಂತಾನ ನನಗ ರೊಟ್ಟಿ ಹೆಂಗ ಇಳೀತದ ಅಂತ ಎರಡು ದಿನದಿಂದ ಬರೇ ಚಾ ಮ್ಯಾಲ ಅದಾಳ. ಇಡೀ ಮನಿ ಹಾಲು ಒಬ್ಬಾಕಿಗೇ ಹೊಂಟದ."

೨. ಒಂದು ಚಪ್ಪಲಿ

ನಾ ಪುಸ್ತಕ ತರೋದು ರಾಯಚೂರಿನ ತೀನ್ ಕಂದೀಲ್ ಚೌಕದ ಹತ್ರದ ಬಾಡಿಗಿ ಪುಸ್ತಕದ ಅಂಗಡಿಯಿಂದ. ಅಂಗಡಿ ನಡಸೋ ಯಜಮಾನ್ರಿಗಿ ಎಲ್ರೂ ಚಾಚಾ ಅಂತಾರ. ಎರಡ್ನೇ ಭಾಗ ಬರ್ತದ ಅಂತ ಪೇಪರಿನಾಗ ಬಂದ ದಿನದಿಂದ ಅವ್ರು ಒಂದು ವಹಿಯಾಗ ಹೆಸರು ಬರ್ಕೊಂಡು ನಂಬರು ಹಚ್ಚಿಸಾಕತ್ತಿದ್ರು. ನಂಬರು ಹಚ್ಚಿದವ್ರು ದಿನಾ ಸಂಜಿಗಿ ಬರೋರು. ಪುಸ್ತಕ ಬಂದದೇನು ಅಂತ ಕೇಳೋದು, ಬಂದಿಲ್ಲ ಅಂದ ಕೂಡ್ಲೆ ಅಲ್ಲೇ ಬೆಂಚಿನ ಮ್ಯಾಲ ಕುಂತು ಅದ್ರಾಗ ಏನದ ಅಂತ ಹೇಳೋದು.

ಶಕ್ತಿನಗರದಾಗ ಚಿಮಣಿ ಕಟ್ಟಿಸಾಕತ್ತಿದ್ದ ಇಂಜಿನಿಯರ್ ಸಾಹೇಬ್ರು ನಂಬರ್ ಒಂದು. ಅವ್ರು ಅಂದ್ರು: "ಎರಡ್ನೇ ಭಾಗದಾಗ ಬಾಗ್ಲ ಯಾವ ಲೋಹದ್ದು ಅಂತ ಪೂರಾ ಲೆಕ್ಕ ಕೊಡ್ತಾರ್ರಿ. ಅದಕ್ಕೇ ತಡ ಆಗಾಕತ್ತದ."

ಬ್ಯಾಂಕಿನ ಕ್ಲಾರ್ಕ್ ನಂಬರ್ ಎರಡು. "ಲೆಕ್ಕನೂ ಇಲ್ಲ ಏನೂ ಇಲ್ಲ. ಬಾಗ್ಲ ಹೆಂಗ ತಗೀಬೇಕು ಅನ್ನೋದು ಬರದವ್ರಿಗೇ ತಿಳೀವಲ್ದು. ಚಿಂತಿ ಮಾಡಿ ಮಾಡಿ ದವಾಖಾನಿ ಸೇರ್ಯಾರಂತ. ನಮ್ಮ ಮ್ಯಾನೇಜರ್ರ ಷಡ್ಕರು ಕಣ್ಣಾರೆ ನೋಡಿ ಬಂದಾರ."

"ಯಾರನ್ನ, ಬರದವ್ರನ್ನ?"

"ದವಾಖಾನಿಯನ್ನ."

ನಾ ಮೂಲ್ಯಾಗ ನಿಂತು ಕಪಾಟು ನೋಡಾಕತ್ತಿದ್ದೆ. ಚಾಚಾ ಸುಮ್ಮನಿರಬೇಕೋ ಬ್ಯಾಡೋ, ಅವ್ರು ನನ್ನ ಕಡಿ ತಿರುಗಿದ್ರು. "ಬೇಟಿ, ನೀ ಎರಡು ಸಲ ಓದಿದಾಕಿ. ಏನಾಗ್ತದ ಹೇಳು."

ಎಂಟು ಮಂದಿ ಒಮ್ಮಿಗೇ ನನ್ನ ಕಡಿ ನೋಡಿದ್ರು. ಗೊತ್ತಿಲ್ಲ ಅಂದಿದ್ರ ಮುಗೀತಿತ್ತು. ಹೆದ್ರಿಕಿಗಿ ಬಾಯಾಗ ಬಂದಿದ್ದು ಬ್ಯಾರೆ. "ಬಾಗ್ಲ ಹೊರಗಿಂದ ತಗೀತಾರ," ಅಂದೆ.

"ಹೊರಗಿಂದ? ಯಾರು? ನಿನಗ ಹೆಂಗ ಗೊತ್ತು?"

ನಾ ಓಡಿದೆ. ಎಷ್ಟು ಜೋರು ಓಡಿದೆ ಅಂದ್ರ ಒಂದು ಚಪ್ಪಲಿ ಅಂಗಡಿ ಮೆಟ್ಟಿಲ ಮ್ಯಾಲೇ ಉಳೀತು.

ಮರುದಿನ ಚಪ್ಪಲಿಗಂತ ಹೋದ್ರ ಚಾಚಾ ಅದನ್ನ ಹಳೇ ಪೇಪರಿನಾಗ ಸುತ್ತಿ ಇಟ್ಟಿದ್ರು. ಕೊಡೋವಾಗ ದನಿ ತಗ್ಗಿಸಿ ಅಂದ್ರು: "ಹೆದರಬ್ಯಾಡ ಬೇಟಿ. ನಿನಗ ಯಾರೂ ಏನೂ ಕೇಳಬಾರದು ಅಂತ ಎಲ್ರಿಗೂ ತಾಕೀತು ಮಾಡೀನಿ. ಬರದವ್ರು ಪತ್ರ ಹಾಕಿ ನಿನಗ ಮುಂಚೇನೇ ತಿಳಿಸ್ಯಾರ, ಯಾರಿಗೂ ಹೇಳಬಾರದು ಅಂತ ಮಾತು ತಗೊಂಡಾರ, ಹೌದಲ್ಲ? ಇಲ್ಲಂದ್ರ ಯಾಕ ಓಡ್ತಿದ್ದಿ?"

ನಾ ಹೂಂ ಅಂದೆ. ಮನಿಗಿ ಬರೂತನಕ ಒಂದೇ ಲೆಕ್ಕ ಹಾಕಿದೆ. ಪುಸ್ತಕ ಬಂದ ದಿನ ನನ್ನ ಸುಳ್ಳು ಬಯಲಾಗ್ತದ. ಆಮ್ಯಾಲ ಯಾವ ಮುಖ ಇಟ್ಕೊಂಡು ಆ ಮೆಟ್ಟಿಲು ಹತ್ತಲಿ? ರಾಯಚೂರಾಗ ಹೆಸರು ಕೇಳಲಾರದೆ, ಮನಿ ಎಲ್ಲೆಂತ ಕೇಳಲಾರದೆ, ಒಯ್ಯಿ ಬೇಟಿ ಓದಿ ತಾ ಅಂತ ಪುಸ್ತಕ ಕೊಟ್ಟವ್ರು ಅಂದ್ರ ಚಾಚಾ ಒಬ್ರೇ.

೩. ಗಡ್ಡದ ಪ್ರೊಫೆಸರು

ಅದಾಗಿ ಹದಿನೈದು ದಿನಕ್ಕ ದೇವದುರ್ಗಕ್ಕ ಹೋದ್ವಿ, ಅವ್ವನ ತವರುಮನಿಗಿ. ನಮ್ಮ ಮಾಮ ಆ ದಾರಿ ಬಸ್ಸಿನಾಗ ಕಂಡಕ್ಟರ್. ಬಸ್ಸು ಇಳದ ಕೂಡ್ಲೆ ನನ್ನ ಚಾದಂಗಡಿಗಿ ಕರ್ಕೊಂಡು ಹೋಗಿ ತಿನ್ನಾಕ ಖಾರಾ ಕೊಡಿಸಿದ.

ಬಾಜೂ ಕುಂತಿದ್ದ ಇಬ್ರು ಯಜಮಾನ್ರು ಅದೇ ಮಾತು ಆಡಾಕತ್ತಿದ್ರು. "ಬಾಗ್ಲ ಹೊರಗಿಂದ ತಗೀತಾರಂತ್ರೀ. ರಾಯಚೂರಾಗ ಒಬ್ರು ದೊಡ್ಡ ಪ್ರೊಫೆಸರ್ ಅದಾರಂತ, ಅವ್ರೇ ಹೇಳ್ಯಾರ."

"ಖರೇನಾ?"

"ಖರೇನಾ ಅಂದ್ರ? ಅರವತ್ತು ವರ್ಷದ ಮನಶಾ. ಎದಿಮಟ ಗಡ್ಡ. ರಷ್ಯಾದಾಗ ಓದಿ ಬಂದಾರ."

ನನ್ನ ಬಾಯಾಗಿನ ಖಾರಾ ಬಾಯಾಗೇ ಉಳೀತು. ಮಾಮಗ ತಡಿಯಾಕ ಆಗ್ಲಿಲ್ಲ, ಅವ್ರ ಕಡಿ ಬಗ್ಗಿದ. "ಆ ಪ್ರೊಫೆಸರು ನನ್ನ ಬಸ್ಸಿನಾಗೇ ಓಡಾಡ್ತಾರ್ರಿ. ಡ್ರೈವರ್ ಹಿಂದಿನ ಸೀಟು ನಾನೇ ಹಿಡದು ಕೊಡ್ತೀನಿ. ಭಾಳ ಮಾತಿಲ್ಲ ಅವ್ರದ್ದು."

ಅವ ಹೇಳಿದ್ರಾಗ ಸುಳ್ಳೇನೂ ಇರಲಿಲ್ಲ, ಆ ದಿನ ಡ್ರೈವರ್ ಹಿಂದಿನ ಸೀಟಿನಾಗ ಕುಂತು ಬಂದಾಕಿ ನಾನೇ. ಈ ಮಾತು ಹಬ್ಬಿಸಿದವ್ರು ಯಾರು ಅಂತ ಆಮ್ಯಾಲ ಮಾಮಗ ಕೇಳಿದೆ. "ನಾನೇ," ಅಂದ. "ಚಾಚಾ ನಿನ್ನ ಸುದ್ದಿ ಹೇಳಿದ್ರು. ನಮ್ಮಕ್ಕನ ಮಗಳು ಹೇಳ್ಯಾಳ ಅಂದ್ರ ಯಾರು ನಂಬ್ತಾರ ಹೇಳು? ಮೊದ್ಲು ಬರೇ ಪ್ರೊಫೆಸರ್ ಅಂದೆ, ಗಬ್ಬೂರಿನಾಗ ಹತ್ತಿದವ್ರು ನಂಬಲಿಲ್ಲ. ಆಮ್ಯಾಲ ಗಡ್ಡ ಹಚ್ಚಿದೆ."

೪. ಹಟ್ಟಿ ಬಾಗ್ಲ

ನಮ್ಮಕ್ಕನ್ನ ಕೊಟ್ಟಿದ್ದು ಮಾನ್ವಿ ಕಡಿ ಮಲ್ಲಟಕ್ಕ. ಅವ್ರದು ಕುರಿ ಕಾಯೋ ಮನಿತನ. ಅಕ್ಕನ ಮಾವ ಕುರಿಹಟ್ಟಿ ಮುಂದ ಕಂಬಳಿ ಹಾಸ್ಕೊಂಡು ಕುಂತಿರ್ತಾರ, ಯಾರು ಬಂದ್ರೂ ಮೊದ್ಲು ಮಜ್ಜಿಗಿ, ಆಮ್ಯಾಲ ಸುದ್ದಿ. ನಾ ಹೋದಾಗ ಗಡ್ಡದ ಪ್ರೊಫೆಸರು ನನಗಿಂತ ಮುಂಚೆ ಅಲ್ಲಿಗೂ ಮುಟ್ಟಿದ್ರು.

"ಆ ಪ್ರೊಫೆಸರು ಹೊರಗಿಂದ ತಗೀತಾರ ಅಂದಾರಂತಲ್ಲ, ಏನದು ಕತಿ?" ಅಂತ ಕೇಳಿದ್ರು. ನಾ ಮಜ್ಜಿಗಿ ಚರಗಿ ಮುಖಕ್ಕ ಅಡ್ಡ ಹಿಡ್ಕೊಂಡು ಪೂರಾ ಹೇಳಿದೆ. ಕಲ್ಲಿನ ಮನಿ, ಒಳಗ ಚಿಲಕ ಇಲ್ಲ, ಹಿಂದಿಂದ ಬಾಗ್ಲ ಮುಚ್ಚಿತು, ನಮ್ಮ ಬಾಜೂಮನಿ ಆಯಿ ಅವತ್ತಿಂದ ಇನ್ನಾ ಬರೇ ಚಾ ಮ್ಯಾಲ ಅದಾಳ.

ಅವ್ರು ಹಿಂದಿನ ಹಟ್ಟಿ ಕಡಿ ಕೈ ತೋರಿಸಿದ್ರು. "ತಂಗಿ, ಈ ಹಟ್ಟಿಗಿ ಚಿಲಕ ಎಲ್ಲದ?"

"ಹೊರಗ."

"ಯಾಕ?"

"ಕುರಿ ತಗೀಬಾರದಂತ."

"ಮತ್ತ? ಅವ್ರು ಅವನ್ನ ಕುರಿ ಅಂತ ತಿಳದಾರ. ಮ್ಯಾಲ ಓಡಾಡೋ ಮಂದಿಗಿ ಮನಶಾ ಗೊತ್ತಿಲ್ಲಲ್ಲ, ತಪ್ಪಿಸ್ಕೊಂಡು ಬಂದ ಯಾವುದೋ ಮರಿ ಅಂತ ಒಳಗ ಕೂಡ್ಯಾರ."

ಎರಡು ಸಲ ಓದಿದ್ರೂ ಇದು ನನಗ ಹೊಳದಿರಲಿಲ್ಲ. "ಮುಂದ ಏನು ಮಾಡ್ತಾರ ಮಾವ?"

"ಮುಂಜಾನೆ ಬಂದು ಹಲ್ಲು ನೋಡ್ತಾರ, ಎಷ್ಟು ವಯಸ್ಸಿಂದು ಅಂತ. ಮೇಯಾಕ ತಪ್ಪಲ ಹಾಕ್ತಾರ. ಮೈಮ್ಯಾಲ ಕಂಬಳಿಗಿ ಆಗೋ ಉಣ್ಣಿ ಇದ್ರ ಕತ್ತರಿಸ್ತಾರ. ನಮ್ಮದಲ್ಲ ಅಂತ ಗೊತ್ತಾದ್ರ ಬಿಟ್ಟು ಕಳಸ್ತಾರ. ಯಾವ ಕುರುಬನೂ ಇನ್ನೊಬ್ರ ಮರಿ ಇಟ್ಕೊಳ್ಳಂಗಿಲ್ಲ. ಆ ಮುದುಕಿಗಿ ಉಣ್ಣು ಅಂತ ಹೇಳು."

ಊರಿಗಿ ಬಂದು ಆಯಿಗಿ ಹೇಳಿದೆ. ಆಕಿ ಎರಡು ರೊಟ್ಟಿ ತಿಂದ್ಳು, ಪುಂಡಿಪಲ್ಯ ಇನ್ನೊಂಚೂರು ಹಾಕು ಅಂದ್ಳು. ಆ ಯಜಮಾನ್ರ ಉಪಕಾರ ನಾ ಮರಿಯಂಗಿಲ್ಲ. ಆಯಿ ಸೊಸಿ ಅಂತೂ ಮಲ್ಲಟದ ದಿಕ್ಕಿಗಿ ತಿರುಗಿ ಕೈ ಮುಗದ್ಲು. "ಹಾಲು ಉಳೀತು."

೫. ಉದುರಿದ ಹಾಳಿ

ಒಂದಿನ ಪುಸ್ತಕ ಬಂತು. ಹತ್ತು ಪ್ರತಿ ಕಳಸ್ರಿ ಅಂತ ಚಾಚಾ ಬರದಿದ್ರು, ಬಂದಿದ್ದು ಒಂದೇ. ಅಂಗಡ್ಯಾಗ ಕಾಲಿಡಾಕ ಜಾಗ ಇರಲಿಲ್ಲ. ಇಂಜಿನಿಯರ್ ಸಾಹೇಬ್ರು, ಬ್ಯಾಂಕಿನ ಕ್ಲಾರ್ಕ್, ಡ್ಯೂಟಿ ರಜಾ ಹಾಕಿ ಬಂದ ಮಾಮ, ಅವ್ವನ ಕೈ ಹಿಡ್ಕೊಂಡು ಬಂದ ಆಯಿ. ಆಯಿಗಿ ಸ್ಟೂಲ್ ಹಾಕಿದ್ರು.

"ಇರೋದು ಒಂದು," ಅಂದ್ರು ಚಾಚಾ. "ನಂಬರ್ ಪ್ರಕಾರ ಕೊಟ್ರ ಕೊನಿಯವ್ರಿಗಿ ಮುಂದಿನ ವರ್ಷ ಮುಟ್ತದ. ಬಾಗ್ಲ ತಗಿಯೂತನಕ ಎಲ್ರೂ ಕೂಡಿ ಕೇಳ್ರಿ, ಆಮ್ಯಾಲ ನಂಬರಿನ ಪ್ರಕಾರ ಒಯ್ರಿ. ಬೇಟಿ ಓದ್ತಾಳ."

ಪುಸ್ತಕ ಮುಖಕ್ಕ ಅಡ್ಡ ಹಿಡದೆ, ಮೊದ್ಲನೇ ಪುಟ ಮನಸಿನಾಗೇ ಓದ್ಕೊಂಡೆ. ವಿಜ್ಞಾನಿ ಹಾಸಿಗ್ಯಾಗ ಎದ್ದು ಕುಂತಾನ. ಕಿಡಕ್ಯಾಗ ಬಿಸಲು ಬಂದದ. ಗ್ರಹ, ಕಲ್ಲಿನ ಮನಿ, ಬಾಗ್ಲ, ಎಲ್ಲಾ ಕನಸಂತ. ಪುಟದ ಕೊನಿಗಿ ಅವ ಉಪ್ಪಿಟ್ಟು ತಿನ್ನಾಕತ್ಯಾನ.

"ಏನಾತು?" ಅಂದ್ಳು ಆಯಿ. "ಜೀವಂತ ಅದಾನೇನು ಅವ?"

ಕನಸು ಅಂದ್ರ ನಾ ಸುಳ್ಳುಗಾರ್ತಿ ಆಗ್ತೀನಿ, ಅದು ನಡೀತದ. ಆದ್ರ ಆಯಿ ಅಷ್ಟು ದಿನ ರೊಟ್ಟಿ ಬಿಟ್ಟಿದ್ದು ಬರೇ ಒಂದು ಕನಸಿಗೇನು? ನನಗ ಹೇಳಾಕ ಆಗ್ಲಿಲ್ಲ. ಗಂಟಲು ಸರಿ ಮಾಡ್ಕೊಂಡು, ಪುಸ್ತಕದ ಭಾಷಾದಾಗೇ ಸುರು ಮಾಡಿದೆ: "ಹೊರಗೆ ಹೆಜ್ಜೆಗಳ ಸಪ್ಪಳ ಕೇಳಿಸಿತು. ಯಾರೋ ಚಿಲಕ ಸರಿಸಿದರು."

ಅಂಗಡ್ಯಾಗ ಒಂದು ಉಸಿರು ಬಿದ್ದಿದ್ದು ಕೇಳಸ್ತು. ಮಾಮ ಮೆಲ್ಲಕ "ಪ್ರೊಫೆಸರು ಹೇಳಿರಲಿಲ್ಲೇನು?" ಅಂದ.

ಅರ್ಧ ತಾಸು ಓದಿದೆ, ಪುಸ್ತಕದಾಗ ಇರಲಾರದ್ದನ್ನ. ಮ್ಯಾಲಿನ ಮಂದಿ ಬಂದು ವಿಜ್ಞಾನಿ ಹಲ್ಲು ನೋಡಿದ್ರು. ಗಾಳಿ ತುಂಬಿದ ಹಸರು ತಪ್ಪಲ ಹಾಕಿದ್ರು. ತಲಿಗೂದಲು, ಮೀಸಿ ಎಲ್ಲಾ ಕತ್ತರಿಸಿ ಕಂಬಳಿಗಿ ಇಟ್ಕೊಂಡ್ರು. ನಮ್ಮ ಮರಿ ಅಲ್ಲ ಅಂತ ತಿಳದ ಮ್ಯಾಲ ರಾಕೆಟ್ಟಿನತನಕ ಕಳಸಿ ಬಂದ್ರು. ಎಲ್ರೂ ನಗಾಕತ್ತಿದ್ರು, ನನಗ ಅವ್ರ ನಗು ಕೇಳಸಾಕತ್ತಿತ್ತು, ಮುಖ ಕಾಣ್ತಿರಲಿಲ್ಲ. ಅಷ್ಟು ಮಂದಿ ನನ್ನ ಮಾತು ಅಷ್ಟು ಹೊತ್ತು ಕೇಳಿದ್ದು ಅದೇ ಮೊದ್ಲು.

"ಊರು ಮುಟ್ಟಿದನಾ?" ಕೇಳಿದ್ಳು ಆಯಿ.

"ಮುಟ್ಟಿದ."

"ಉಂಡನಾ?"

"ಉಪ್ಪಿಟ್ಟು ತಿಂದ." ಅದೊಂದು ಖರೇನೇ ಬರದಿತ್ತು.

"ನಡ್ರಿ ಹಂಗಾರ," ಅಂತ ಆಯಿ ಎದ್ದು ಹೋದ್ಳು.

ಚಾಚಾ ಕೈ ಮುಂದ ಮಾಡಿದ್ರು. ಪುಸ್ತಕ ಕೊಟ್ಟೆ. ಅರ್ಧ ತಾಸು ಓದಿದ ಪುಸ್ತಕ ಮೊದ್ಲನೇ ಪುಟಕ್ಕೇ ತಗದಿತ್ತು. ಚಾಚಾ ಪುಟ ನೋಡಿದ್ರು, ನನ್ನ ನೋಡಿದ್ರು, ಚಷ್ಮಾ ಒರಸ್ಕೊಂಡ್ರು. ಪುಸ್ತಕ ಮುಚ್ಚಿ ನಂಬರ್ ಒಂದರ ಕೈಯಾಗ ಇಟ್ರು.

ಮರುದಿನ ಸಂಜಿಗಿ ನಾ ಒಪ್ಪಕೊಂಡು ಬಿಡೋಣಂತ ಹೋದೆ. ನನಗಿಂತ ಮುಂಚೆ ಇಂಜಿನಿಯರ್ ಸಾಹೇಬ್ರು ಬಂದು ನಿಂತಿದ್ರು. "ಚಾಚಾ, ಇದ್ರಾಗ ಹಲ್ಲು ನೋಡೋದು ಇಲ್ಲ, ಮೀಸಿ ಕತ್ತರಿಸೋದು ಇಲ್ಲ. ಸುರುವಾತಿಗೇ ಉಪ್ಪಿಟ್ಟು ಬರ್ತದ."

ಬ್ಯಾಂಕಿನ ಕ್ಲಾರ್ಕ್ ಪುಸ್ತಕ ಇಸ್ಕೊಂಡು ಹೊಲಿಗಿ ಜಗ್ಗಿ ನೋಡಿದ. "ಹೊಲಿಗಿ ಸಡಿಲದ. ನಿನ್ನೆ ಓದೋವಾಗ ಹಾಳಿ ಉದುರ್ಯಾವ. ಇಲ್ಲೇ ಎಲ್ಲೋ ಇರಬೇಕು."

ಅಷ್ಟು ಅಂದಿದ್ದೇ ತಡ, ಎಲ್ರೂ ಮೊಣಕಾಲೂರಿ ಕಪಾಟಿನ ಬುಡಕ, ಬೆಂಚಿನ ಬುಡಕ ಹುಡುಕಾಕ ಸುರು ಮಾಡಿದ್ರು. ಇಂಜಿನಿಯರ್ ಸಾಹೇಬ್ರು ಇಸ್ತ್ರಿ ಪ್ಯಾಂಟಿನಾಗೇ ನೆಲಕ್ಕ ಮಲಗಿ ಕೈ ಒಳಗ ಹಾಕಿದ್ರು. ಮಂದಿ ಅಷ್ಟು ಕಷ್ಟ ಪಡೋವಾಗ ನಾ ಒಬ್ಬಾಕಿ ನಿಂತಿರೋದು ಸರಿ ಅಲ್ಲಂತ ನಾನೂ ಬಗ್ಗಿ ಹುಡುಕಿದೆ.

ಸಿಗ್ಲಿಲ್ಲ. ಚಾಚಾ ಎಲ್ರ ಎದುರಿಗೇ ಪ್ರಕಾಶಕರಿಗಿ ಕಾರ್ಡು ಬರದ್ರು: "ನೀವು ಕಳಿಸಿದ ಪ್ರತಿಯಲ್ಲಿ ಬಾಗಿಲು ತೆಗೆಯುವ ಪುಟಗಳು ಇಲ್ಲ. ದಯವಿಟ್ಟು ಕಳಿಸಿರಿ."

ಮೂರು ವಾರಕ್ಕ ಉತ್ತರ ಬಂತು. ಚಾಚಾ ಗಟ್ಟಿ ಓದಿ ಹೇಳಿದ್ರು: "ತಾವು ಕೇಳಿದ ಪುಟಗಳು ಸದ್ಯಕ್ಕೆ ದಾಸ್ತಾನಿನಲ್ಲಿ ಇಲ್ಲ. ಅಚ್ಚಾದ ಕೂಡಲೇ ಕಳಿಸಿಕೊಡುತ್ತೇವೆ."

ಎಲ್ರಿಗೂ ಸಮಾಧಾನ ಆತು. ನಂಬರು ಮತ್ತೊಂದ್ಸಲ ಹಚ್ಚಿ ಮನಿಗಿ ಹೋದ್ರು. ನಾ ಒಬ್ಬಾಕಿ ಉಳದೆ. ಚಾಚಾ ಕಾರ್ಡನ್ನ ವಹಿಯಾಗ ಇಟ್ಟು, ಗಲ್ಲಾಪೆಟ್ಟಿಗಿ ಕೆಳಗಿಂದ ಒಂದು ದಸ್ತಾ ಬಿಳಿ ಹಾಳಿ ತಗದು ನನ್ನ ಮುಂದ ಸರಿಸಿದ್ರು.

"ಅವ್ರಿಗಿ ತಡ ಆಗ್ತದಂತ ಬೇಟಿ. ನಿನಗ ಎಷ್ಟು ದಿನ ಬೇಕು?"