ಮುಂದಿನ ಪುಟ ತೆರೆದದ್ದು

ಬೆಳಿಗ್ಗೆ ಒಂಬತ್ತಕ್ಕೆ ಪುಸ್ತಕ ಪ್ರಕಾಶನದ ಸಂಪಾದಕಿಯ ಫೋನು ಬಂದಾಗ ಅಳಿಯ ಇನ್ನೂ ಹಲ್ಲುಜ್ಜುತ್ತಿದ್ದ.

"ನಿಮ್ಮ ಮಾವನ ಬ್ಲಾಗಲ್ಲಿ 'ಮುಂದಿನ ಪುಟ' ಅಂತ ಒತ್ತಿದ್ರೆ ಮತ್ತೆ ಮೊದಲನೇ ಪುಟಾನೇ ಬರ್ತಿದೆ. ನಾಲ್ಕು ಗಂಟೆಗೆ ನಿಮ್ಮ ಮನೆಗೆ ಬರ್ತೀನಿ. ಅಷ್ಟರೊಳಗೆ ಎಲ್ಲಾ ಲೇಖನ ಕಾಣಿಸಿದ್ರೆ ಪುಸ್ತಕ ಮಾಡೋಣ. ಈ ವರ್ಷದ ಪಟ್ಟಿ ಇವತ್ತಿಗೆ ಮುಗಿಯುತ್ತೆ," ಎಂದರು.

ಮಾವ ಐವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವರು. ಕೈ ನಡುಗತೊಡಗಿದ ಮೇಲೆ ಬರೆಯಲು ಕೂತು ನೂರ ನಲವತ್ತು ಲೇಖನ ಬರೆದರು. ಹಲ್ಲು ಮುರಿದ ಒಂದು ಚಕ್ರದ ಬಗ್ಗೆ ಅವರು ಬರೆದರೂ ಓದಿದವರು ತಮ್ಮ ಕೈಗಡಿಯಾರ ಬಿಚ್ಚಿ ಒರೆಸಿಟ್ಟುಕೊಳ್ಳುತ್ತಿದ್ದರು. ಅಂಥವರ ಬ್ಲಾಗಿಗೆ ಥೀಮ್ ಕಟ್ಟಿಕೊಟ್ಟು, ಪುಟಗಳಿಗೆ ಅಂದಚೆಂದ ಮಾಡಿದ್ದು ಅಳಿಯ. ಅವನ ಕಸುಬೇ ಅದು. ಮಾವನ ಬಾಯಲ್ಲಿ ಒಮ್ಮೆ ಶಹಬ್ಬಾಸ್ ಎನ್ನಿಸಿಕೊಳ್ಳಬೇಕೆಂಬುದು ಅವನ ಹಳೆಯ ಆಸೆ. ಮಾವ ಹೊಗಳುತ್ತಿದ್ದದ್ದು ಗಡಿಯಾರಗಳನ್ನು ಮಾತ್ರ.

ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತ. ಎದುರು ಗೋಡೆಯಲ್ಲಿ ಮಾವನ ತಾಯಿಯ ಗಡಿಯಾರ ಎಂಟು ವರ್ಷದಿಂದ ಮೂರು ಹತ್ತು ತೋರಿಸುತ್ತಿತ್ತು. ಪಕ್ಕದ ಮನೆಯ ಎಲೆಕ್ಟ್ರಿಷಿಯನ್ ಆ ಗೋಡೆಗೆ ಡ್ರಿಲ್ ಹಾಕಿದ ವಾರವೇ ಅದು ನಿಂತದ್ದು. ಬಿಚ್ಚಿ ನೋಡಿದ ಮಾವ, "ಇದರ ಆಯಸ್ಸು ಮುಗೀತು," ಎಂದಷ್ಟೇ ಹೇಳಿ ಮುಚ್ಚಿದ್ದರು. ಪಾಪಪ್ರಜ್ಞೆಯಿಂದ ಎಲೆಕ್ಟ್ರಿಷಿಯನ್ ಅಂದಿನಿಂದ ಈ ಮನೆಯ ಫ್ಯಾನು, ಇಸ್ತ್ರಿಪೆಟ್ಟಿಗೆ, ಕರೆಗಂಟೆಗಳನ್ನೆಲ್ಲ ಪುಕ್ಕಟೆ ರಿಪೇರಿ ಮಾಡುತ್ತಿದ್ದ. ಇವತ್ತೂ ಬಂದು ನಡುಮನೆಯ ಫ್ಯಾನು ಇಳಿಸಿ, ರೆಕ್ಕೆಗಳನ್ನು ನೆಲದ ಮೇಲೆ ಹರಡಿಕೊಂಡಿದ್ದ.

"ಸಾರ್, ಒಂದ್ಸಲ ಆಫ್ ಮಾಡಿ ಆನ್ ಮಾಡಿದ್ರೆ ಸರಿಹೋಗುತ್ತೆ," ಎಂದು ಹೇಳಿ, ಉತ್ತರಕ್ಕೂ ಕಾಯದೆ ಮೇನ್ ಸ್ವಿಚ್ ಎಳೆದ. ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ವರ್ಷವಾಗಿತ್ತು. ಎರಡು ಗಂಟೆಯ ಕೆಲಸ ಕಣ್ಣೆದುರೇ ಆರಿಹೋಯಿತು.

"ಇಷ್ಟೆಲ್ಲ ಯಾಕ್ರೀ ಒದ್ದಾಡ್ತೀರ? ನೂರ ನಲವತ್ತನ್ನೂ ಒಂದೇ ಪುಟಕ್ಕೆ ಹಾಕಿಬಿಡಿ," ಎಂದಳು ಹೆಂಡತಿ. ಬೇರೆ ದಾರಿ ಕಾಣದೆ ಹಾಕಿದ. ಅಷ್ಟು ಭಾರ ಹೊರಲಾರದೆ ಸರ್ವರ್ ಕುಸಿದು, ಇದ್ದ ಮೊದಲ ಪುಟವೂ ಮಾಯವಾಯಿತು. ಅದನ್ನು ಮತ್ತೆ ಎಬ್ಬಿಸುವಷ್ಟರಲ್ಲಿ ಮೂರು ಗಂಟೆ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮಾವ ಬಾಗಿಲಲ್ಲಿ ನಿಂತಿದ್ದರು.

ವಿಷಯ ಕೇಳಿ ಅವರು ಗಾಬರಿಯಾಗಲಿಲ್ಲ. ಭೂತಗನ್ನಡಿ ತೆಗೆದು, ಪರದೆಯ ಮೇಲಿನ ಕೋಡನ್ನು ಗಡಿಯಾರದ ಹೊಟ್ಟೆ ನೋಡುವ ಹಾಗೆಯೇ ನೋಡಿದರು. "ನನಗಿದು ಗೊತ್ತಾಗಲ್ಲ ಅಳಿಯಂದ್ರೆ. ಆದ್ರೆ ನಿಂತ ಮುಳ್ಳಿಂದ ಹಿಂದಕ್ಕೆ ಹೋದ್ರೆ ಎಲ್ಲಿ ಸಿಕ್ಕೊಂಡಿದೆ ಅಂತ ತಿಳಿಯುತ್ತೆ."

ಎಂಥ ಮನುಷ್ಯ ಎಂದುಕೊಂಡ ಅಳಿಯ. ಬಟನ್‌ನಿಂದ ಹಿಂದಕ್ಕೆ ನಡೆದ. ಬಟನ್ ಪುಟದ ವಿಳಾಸ ಕೇಳುತ್ತಿತ್ತು. ವಿಳಾಸ ಬರೆಯುವ ಸಾಲು ಪುಟದ ಸಂಖ್ಯೆ ಕೇಳುತ್ತಿತ್ತು. ಸಂಖ್ಯೆ ಬರಬೇಕಾದ ಜಾಗದಲ್ಲಿ ಯಾರೋ ಖಾಯಂ ಆಗಿ 'ಒಂದು' ಎಂದು ಬರೆದು ಕೂರಿಸಿದ್ದರು. ಪಕ್ಕದಲ್ಲೇ ಟಿಪ್ಪಣಿ: 'ಇದನ್ನು ಮುಟ್ಟಬೇಡ. ಕಾರಣವಿದೆ.'

"ಯಾವ ಪುಣ್ಯಾತ್ಮ ಬರೆದಿದ್ದು? ಕಾರಣ ಏನೂಂತ ಬರೆದಿದ್ರೆ ಗಂಟೇನು ಹೋಗ್ತಿತ್ತು?"

"ಥೀಮ್ ಮಾಡಿದ್ದು ನೀವಲ್ವಾ?" ಎಂದಳು ಹೆಂಡತಿ.

"ನಾನೇ. ನೆನಪಿಲ್ಲ."

ಒಂದನ್ನು ಅಳಿಸಿ, ಒತ್ತಿದ ಪುಟದ ಸಂಖ್ಯೆಯೇ ಬರುವಂತೆ ಬರೆದ. ಹದಿನಾಲ್ಕು ಪುಟಗಳೂ ಸಾಲಾಗಿ ತೆರೆದುಕೊಂಡವು. ಮಾವ ಅವನ ಬೆನ್ನು ತಟ್ಟಿ, "ಶಹಬ್ಬಾಸ್," ಎಂದರು. ಅಳಿಯನಿಗೆ ಕಣ್ಣು ತುಂಬಿ ಬಂತು.

ನಾಲ್ಕಕ್ಕೆ ಬಂದ ಸಂಪಾದಕಿ ಪುಟ ಪುಟ ಮೆಚ್ಚುತ್ತ ಹೋಗಿ ಹನ್ನೆರಡನೆಯದರಲ್ಲಿ ನಿಂತರು. "ಪುಸ್ತಕ ಶುರುವಾಗೋದೇ ಇದರಿಂದ. ಯಾರಾದ್ರೂ ಗಟ್ಟಿಯಾಗಿ ಓದಿ."

ಎಲ್ಲರಿಗಿಂತ ದೊಡ್ಡ ಗಂಟಲಿನ ಎಲೆಕ್ಟ್ರಿಷಿಯನ್ ಓದಿದ. "'ನನ್ನ ತಾಯಿಯ ಗಡಿಯಾರ ಸತ್ತದ್ದು ಹೇಗೆ. ಟಿಕ್ ಟಿಕ್ ಸದ್ದಿಗೆ ನಿದ್ದೆ ಬಾರದೆ, ನನಗೆ ಬಹಳ ಬೇಕಾದವರೊಬ್ಬರು ಅದರೊಳಗೆ ಎಣ್ಣೆ ಸುರಿದಿದ್ದರು. ಗಡಿಯಾರದ ಎಣ್ಣೆಯಲ್ಲ, ಕೂದಲು ಉದುರುವವರು ತಲೆಗೆ ಹಚ್ಚುವ ಎಣ್ಣೆ. ಮುಚ್ಚಳ ತೆಗೆದೊಡನೆ ಘಮ ಬಂತು. ಮಗಳು ಪಕ್ಕದಲ್ಲಿದ್ದಳು. ಮುಚ್ಚಿಬಿಟ್ಟೆ.'"

ಎಲ್ಲರ ಕಣ್ಣೂ ಅಳಿಯನ ಮಿರಮಿರ ಮಿಂಚುವ ತಲೆಯ ಮೇಲೆ ಬಂದು ನಿಂತವು.

ಆಗ ಅವನಿಗೆ ಎಲ್ಲ ನೆನಪಾಯಿತು. ಮೂರು ವರ್ಷದ ಹಿಂದೆ ಹೆಂಡತಿ, "ಅಪ್ಪ ಬರೆದಿದ್ದು ಒಂದೂ ಓದಿಲ್ಲ, ನಾಳೆ ಕೂತು ಎಲ್ಲಾ ಓದ್ತೀನಿ," ಎಂದಿದ್ದಳು. ಈ ಲೇಖನ ಅವಳ ಕಣ್ಣಿಗೆ ಬೀಳದಿರಲೆಂದು, ಒಂದು ದಿನದ ಮಟ್ಟಿಗೆ ಆ ಒಂದನ್ನು ಕೂರಿಸಿದ್ದ. ಅವಳು ಹತ್ತು ಲೇಖನ ಓದಿ ನಿದ್ದೆ ಹೋಗಿದ್ದಳು. ಅವನೂ ಮರೆತಿದ್ದ.

"ನಾನು ಹೆಸರು ಬರೆದಿರಲಿಲ್ಲ," ಎಂದರು ಮಾವ ಮೆಲ್ಲಗೆ.

"ರೀ," ಎಂದಳು ಹೆಂಡತಿ. ಉಳಿದದ್ದನ್ನು ಸಂಪಾದಕಿ ಹೋದ ಮೇಲಕ್ಕೆ ಇಟ್ಟುಕೊಂಡಳು.

ಎಲೆಕ್ಟ್ರಿಷಿಯನ್ ಗೋಡೆಯ ಗಡಿಯಾರವನ್ನು ಬಹಳ ಹೊತ್ತು ನೋಡಿದ. ಆಮೇಲೆ ಸ್ಕ್ರೂಡ್ರೈವರನ್ನು ಅಳಿಯನ ಅಂಗೈಯಲ್ಲಿಟ್ಟು, ನೆಲದ ಮೇಲಿದ್ದ ರೆಕ್ಕೆಗಳನ್ನು ದಾಟಿ ಬಾಗಿಲ ಕಡೆ ನಡೆದ.

"ಫ್ಯಾನ್ ನೀವೇ ಕೂರಿಸಿಕೊಳ್ಳಿ ಸಾರ್," ಎಂದ. "ಎಣ್ಣೆ ಮಾತ್ರ ಹಾಕಬೇಡಿ."