ಅಣ್ಣನ ಸಂಖ್ಯೆ

ಚಳಿ ಕಾಲಿಟ್ಟು ಉಳಿ ಹಿಡಿದ ಬೆರಳು ಮರಗಟ್ಟುತ್ತಿದ್ದರೂ ಕಲ್ಲುಕುಟಿಗ ಬೆಳಗಿನಿಂದ ಒಂದೇ ಕಲ್ಲಿನ ಮುಂದೆ ಕೂತಿದ್ದ. ಹೋದ ತಿಂಗಳು ತೀರಿಕೊಂಡ ಅಣ್ಣನ ಸಮಾಧಿಯ ಕಲ್ಲು; ಸಂಜೆಯೊಳಗೆ ನೆಡಬೇಕು. ಅಣ್ಣ ಲೆಕ್ಕದ ಮೇಷ್ಟ್ರು. ಹೆಸರು ಬೇಡ, ತನ್ನ ಪ್ರೀತಿಯ ಸಂಖ್ಯೆ ಸಾಕು ಎಂದು ಹೇಳಿ ಹೋಗಿದ್ದ: ೧೪೨೮೫೭.

ಅಣ್ಣತಮ್ಮಂದಿರ ಮಾತು ನಿಂತದ್ದೂ ಆ ಸಂಖ್ಯೆಯಿಂದಲೇ. ನೆಂಟರೆದುರು ಅಣ್ಣ, "ಇದನ್ನ ಎರಡರಿಂದ ಗುಣಿಸೋ, ತಮಾಷೆ ನೋಡು" ಎಂದಿದ್ದ. ತಮ್ಮ ಗುಣಿಸಿದ, ತಪ್ಪಿದ, ಎಲ್ಲರೂ ನಕ್ಕರು. ಎದ್ದು ಬಂದವನು ಮತ್ತೆ ಆ ಹೊಸಿಲು ತುಳಿಯಲಿಲ್ಲ. 'ನನ್ನದೇ ತಪ್ಪು' ಎಂದು ಅಣ್ಣನಿಗೆ ಹೇಳಬೇಕಾದ ಮಾತೊಂದು ಬಾಕಿ ಉಳಿಯಿತು. ಬಾಯಲ್ಲಿ ಆಗದ್ದನ್ನು ಉಳಿಯಲ್ಲಾದರೂ ತೀರಿಸೋಣವೆಂದು ಕೂತಿದ್ದ.

ಅವನು ಎಡಚ. ಬಲತುದಿಯಿಂದ ಎಡಕ್ಕೆ ಕೆತ್ತುತ್ತಾ ಬರುವುದು ಅಭ್ಯಾಸ. ಅಂಚು ಚಕ್ಕೆ ಏಳದಿರಲೆಂದು ಬಲಗಡೆ ಧಾರಾಳವಾಗಿ ಜಾಗ ಬಿಟ್ಟು ಏಳು, ಐದು, ಎಂಟು, ಎರಡು, ನಾಲ್ಕು ಎಂದು ಒಂದೊಂದನ್ನೂ ದಿಂಬಿನಷ್ಟು ದಪ್ಪಗೆ ಕೆತ್ತಿದ. ಮೊದಲ ಅಂಕಿ ಒಂದು ಇನ್ನೂ ಬಾಕಿಯಿರುವಾಗಲೇ ಎಡಗಡೆ ಕಲ್ಲು ಮುಗಿದುಹೋಯಿತು.

ಅಯ್ಯೋ ಎಂದ ಅವನ ಕೂಗಿಗೆ ಎದುರಿನ ಬ್ರೆಡ್ಡಿನಂಗಡಿಯವನು ಹಿಟ್ಟಿನ ಕೈಯಲ್ಲೇ ಓಡಿಬಂದ. "ಮೂಲೇಲಿ ಸಣ್ಣದಾಗಿ ತುರುಕಿಬಿಡಪ್ಪ!"

"ತುರುಕೋಕೆ ಇದೇನು ಬಸ್ಸೇನೋ?"

"ಹಾಗಾದ್ರೆ ಬಿಟ್ಟೇಬಿಡು. ಸತ್ತೋರು ಎದ್ದು ಬಂದು ಎಣಿಸ್ತಾರಾ?"

"ನಮ್ಮಣ್ಣ ಎಣಿಸ್ತಾನೆ." ಕಲ್ಲುಕುಟಿಗನ ಕಣ್ಣೀರು ಕಲ್ಲಿನ ಪುಡಿಯ ಮೇಲೆ ತೊಟ್ಟಿಕ್ಕಿತು.

ಗದ್ದಲ ಕೇಳಿ ಪಕ್ಕದ ದರ್ಜಿ ಬಂದ, ಮೇಷ್ಟ್ರ ಹಳೇ ಶಿಷ್ಯ. "ಅಳಬೇಡವೋ. ಬಲಗಡೆ ಜಾಗ ಬಿದ್ದಿದೆಯಲ್ಲ, ಒಂದನ್ನ ಅಲ್ಲಿ ಹಾಕು. ಈ ಸಂಖ್ಯೆ ಗಾಣದೆತ್ತಿನ ಹಾಗೆ ಸುತ್ತುತ್ತೆ. ಎರಡರಿಂದ ಆರರವರೆಗೆ ಯಾವುದರಿಂದ ಗುಣಿಸಿದ್ರೂ ಅವೇ ಅಂಕಿ, ಅದೇ ಸಾಲು. ಶುರುವಾಗೋ ಜಾಗ ಮಾತ್ರ ಬೇರೆ." ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ನೆಲದ ಮೇಲೆ ಗುಣಿಸಿಯೇ ತೋರಿಸಿದ. ಮೂರರಷ್ಟು ಮಾಡಿದರೆ ೪೨೮೫೭೧!

ಅಣ್ಣ ಅಂದು ತೋರಿಸಹೊರಟ ತಮಾಷೆ ಇದೇ. "ಇಷ್ಟೇನಾ?" ಎಂದು ಕಲ್ಲುಕುಟಿಗ ಕಣ್ಣೊರೆಸಿಕೊಂಡು, ಒಂದನ್ನು ಬಲತುದಿಯಲ್ಲಿ ಕೆತ್ತಿದ.

ಸಂಜೆ ದರ್ಜಿಯೂ ಬ್ರೆಡ್ಡಿನಂಗಡಿಯವನೂ ಕೈಗೂಡಿಸಿ ಸಮಾಧಿಯ ಬಳಿ ಕಲ್ಲು ನೆಟ್ಟಾಗ ಅತ್ತಿಗೆ ಅದನ್ನೇ ನೋಡುತ್ತ ನಿಂತಳು. "ಇದು ಅವರ ಸಂಖ್ಯೆ ಅಲ್ಲವಲ್ಲಪ್ಪಾ..."

"ಅದೇ ಅತ್ತಿಗೆ! ಮೂರು ಪಟ್ಟು ಆಗಿದೆ, ಅಷ್ಟೆ."

"ಮೂರಾ?" ಅತ್ತಿಗೆ ಅವನತ್ತ ತಿರುಗಿದಳು. "ನಿನಗೆ ಯಾರು ಹೇಳಿದ್ರು?"

"ಏನನ್ನ?"

"ಇಲ್ಲಿ ಮೂರು ಜನಕ್ಕೆ ಜಾಗ ತಗೊಂಡಿದ್ರು. ಅವರಿಗೆ, ನನಗೆ, ಆ ಬದಿ ನಿನಗೆ. ಬದುಕಿರೋವಾಗ ಬರಲ್ಲ, ಆಮೇಲಾದ್ರೂ ಬರ್ತಾನೆ ಅಂತಿದ್ರು. ಹೇಳಿ ಕಳಿಸೋಣ ಅಂದ್ರೆ, ಅವನೇ ಮೊದಲು ಬರಲಿ ಅಂತ ಹಟ." ಸೆರಗಿನಿಂದ ಕಲ್ಲಿನ ಪುಡಿ ಒರೆಸಿದಳು. "ಇರಲಿ ಬಿಡು. ಮೂವರಿಗೂ ಇದೊಂದೇ ಸಾಕು."

"ಅಂದ್ರೆ ನಿನ್ನ ಕಲ್ಲನ್ನ ನೀನೇ ಕೆತ್ತಿಕೊಂಡೆ!" ಎಂದ ಬ್ರೆಡ್ಡಿನಂಗಡಿಯವನು. ದರ್ಜಿ ಅವನ ಪಕ್ಕೆಗೆ ತಿವಿದ.

ಕಲ್ಲುಕುಟಿಗ ಬಗ್ಗಿ ಕಲ್ಲಿನ ಬುಡಕ್ಕೆ ಮಣ್ಣು ಒತ್ತತೊಡಗಿದ. ಬಾಕಿಯಿದ್ದ ಮಾತು ನಾಲಿಗೆಯ ತುದಿಗೆ ಬಂತು. ಸುತ್ತ ಜನರಿದ್ದರು, ನಾಚಿಕೆಯಾಯಿತು.

ನಾನೂ ಇಲ್ಲಿಗೇ ಬಂದ ಮೇಲೆ ಹೇಳಿದರಾಯಿತು ಎಂದುಕೊಂಡು ಕೈಯ ಮಣ್ಣು ಕೊಡವಿಕೊಂಡ.