ಮೇಷ್ಟ್ರ ಕಾರಿನ ಮೂರು ಪೈಪು

ಹಳೇ ಕಾರು ಬಿಚ್ಚೋಕೆ ನಮ್ಮ ಕಡೆ ಎಲ್ರಿಗೂ ಬರ್ತದೆ. ಜೋಡಿಸೋಕೆ ಮಾತ್ರ ನನ್ನೇ ಕರೀತಾರೆ. ಮಂಡ್ಯದ ಗುತ್ತಲಲ್ಲಿ ನಂದೊಂದು ಸಣ್ಣ ಗ್ಯಾರೇಜು. ಮೂವತ್ತು ವರ್ಷದಿಂದ ಇದೇ ಕೆಲ್ಸ, ಇದೇ ಸೊಂಟನೋವು. ಪ್ರತಿ ಸಲಾನೂ ಇದೇ ಕಡೇದು, ಇನ್ಮುಂದೆ ಹಳೇ ಕಾರಿನ ಸಹವಾಸ ಬೇಡಪ್ಪ ಅಂತ ಕೈ ಮುಗೀತೀನಿ. ಕೈ ಇಳಿಸೋ ಅಷ್ಟರಲ್ಲಿ ಫೋನು ಹೊಡ್ಕೊಳ್ತದೆ. ಹೋದ ವರ್ಷ ಹೊಡ್ಕೊಂಡಿದ್ದು ಮಳವಳ್ಳಿ ಕಡೆಯಿಂದ.

೧. ಎಲ್ಲಾ ಸಲೀಸಾಗಿ ಬಂತು

ಫೋನ್ ಮಾಡಿದವರು ಒಬ್ಬ ರಿಟೈರ್ಡ್ ವಿಜ್ಞಾನದ ಮೇಷ್ಟ್ರು. ಬಂಡೂರು ಪಕ್ಕದ ಹಳ್ಳಿ. ಅವರಪ್ಪ ಓಡಿಸ್ತಿದ್ದ ಬಿಳೀ ಕಾರು ಒಂದು ಕೊಟ್ಟಿಗೇಲಿತ್ತು.

"ಏನಿಲ್ಲಪ್ಪಾ, ಟ್ಯಾಂಕು ತುಕ್ಕು ಹಿಡಿದಿತ್ತು. ಮೊಬೈಲಲ್ಲಿ ವಿಡಿಯೋ ನೋಡ್ಕೊಂಡು ನಾನೇ ಬಿಚ್ಚಿ ತೊಳೆದೆ. ಎಲ್ಲಾ ಸಲೀಸಾಗಿ ಬಂತು."

"ಒಳ್ಳೇದೇ ಆಯ್ತಲ್ಲ ಸಾರ್."

"ವಾಪಸ್ ಹಾಕೋ ವಿಡಿಯೋ ಸಿಗ್ತಾ ಇಲ್ಲ."

ಸೋಮವಾರ ಹೋಗಿ ನೋಡಿದ್ರೆ, ಟ್ಯಾಂಕು ಜಗಲಿ ಮೇಲೆ ಬಿಸಿಲು ಕಾಯಿಸ್ತಾ ಕೂತಿತ್ತು. ಪೈಪುಗಳೆಲ್ಲ ಒಂದು ಮಂಕ್ರಿಲಿದ್ದವು. ರಬ್ಬರ್ ತುದಿಗಳನ್ನ ಕುರಿ ಅಗಿದು ಹಾಕಿತ್ತು. ಕುರಿ ಯಾರದ್ದು ಅಂದ್ರೆ ಮೇಷ್ಟ್ರ ಹೆಂಡ್ತೀದು. ಆಯಮ್ಮ ಬಂಡೂರು ತಳಿ ಸಾಕ್ತಾರೆ, ಹನ್ನೆರಡು ಕುರಿ, ಒಂದೊಂದೂ ದಿಂಡಾಗಿ ಚೆನ್ನಾಗಿದ್ದವು.

ಕಾರು ಕೊಟ್ಟಿಗೆ ನೆರಳಲ್ಲಿ ಹೊಸ ಸೊಸೆ ಥರ ಕೂತಿದೆ, ಕುರಿಗಳು ಬಿಸಿಲಲ್ಲಿವೆ, ಇದೇ ಆ ಮನೆಯ ಜಗಳ. ಗುರುವಾರ ಮಂಡ್ಯದ ಆರ್‌ಟಿಒದಲ್ಲಿ ಕಾರಿನ ತಪಾಸಣೆ. ಕಾರು ತಾನಾಗೇ ನಡ್ಕೊಂಡು ಹೋಗಿ ಪಾಸಾದ್ರೆ ಇನ್ನೈದು ವರ್ಷ ರಸ್ತೆ ಮೇಲಿರಬಹುದು. ಆಗಲಿಲ್ಲ ಅಂದ್ರೆ ಶುಕ್ರವಾರ ಗುಜರಿಯವನು ಬರ್ತಾನೆ. ಅವನಿಗೆ ಆಯಮ್ಮ ಆಗಲೇ ಹೇಳಿಟ್ಟಿದ್ರು.

"ನಮ್ಮಪ್ಪ ನನ್ನ ಕಾಲೇಜಿಗೆ ಸೇರಿಸಿದ್ದು ಇದೇ ಕಾರಲ್ಲಿ ಕಣಪ್ಪ," ಅಂದ್ರು ಮೇಷ್ಟ್ರು. ಬಾನೆಟ್ ಮೇಲಿನ ಧೂಳನ್ನ ಟವಲಲ್ಲಿ ಒರೆಸಿದ್ರು. ನಂಗೂ ಪಾಪ ಅನ್ನಿಸ್ತು.

ಆಯಮ್ಮ ಒಳಗಿಂದಾನೇ ಕೂಗಿದ್ರು. "ಸೇರಿಸ್ದ ಮೇಲೆ ಕಾರ ಅಲ್ಲೇ ಬುಟ್ಟು ಬರಕಾಗನಿಲ್ವಾ ನಿಮ್ಮಪ್ಪಂಗೆ?"

೨. ಅರ್ಧಕ್ಕೆ ಬಿಟ್ಟ ಪೂಜೆ

ಪೈಪು ಮೂರೇ. ಒಂದರಲ್ಲಿ ಪೆಟ್ರೋಲು ಟ್ಯಾಂಕಿಂದ ಇಂಜಿನ್‌ಗೆ ಬರ್ತದೆ. ಇನ್ನೊಂದರಲ್ಲಿ ಮಿಕ್ಕಿದ್ದು ವಾಪಸ್ ಹೋಗ್ತದೆ. ಮೂರನೇದು ಆವಿ ಪೈಪು, ಟ್ಯಾಂಕು ಉಸಿರಾಡೋದು ಅದರಿಂದಾನೇ. ತೊಂದ್ರೆ ಏನಂದ್ರೆ, ಹಿಂದೆ ಯಾವನೋ ಪುಣ್ಯಾತ್ಮ ಮೂರಕ್ಕೂ ಒಂದೇ ಅಳತೆ ಪೈಪು ಹಾಕಿದ್ದ. ಮೂರೂ ಕಾರಿನ ಅಡಿ ಒಂದೇ ತಗಡಿನೊಳಗೆ ತೂರಿ ಮುಂದೆ ಬರ್ತವೆ. ಟ್ಯಾಂಕು ಕೂರಿಸಿದ್ಮೇಲೆ ಯಾವುದು ಯಾವುದು ಅಂತ ಬ್ರಹ್ಮಂಗೂ ಗೊತ್ತಾಗಲ್ಲ.

ಅದಕ್ಕೇ ಪೈಪುಗಳನ್ನ ಟ್ಯಾಂಕಿಗೆ ಸಿಕ್ಕಿಸಿ, ಟ್ಯಾಂಕು ಕೂರಿಸೋ ಮುಂಚೆ ಇಂಜಿನ್ ಕಡೆ ತುದಿಗಳಿಗೆ ಗುರುತು ಹಾಕೋಣ ಅಂದ್ಕೊಂಡೆ. ಎಣ್ಣೆ ಜಿಡ್ಡಿಗೆ ಟೇಪು ನಿಲ್ಲಲಿಲ್ಲ. ಆಯಮ್ಮನ ಹತ್ರ ಚೂರು ಅರಿಶಿನ, ಚೂರು ಕುಂಕುಮ ಈಸ್ಕೊಂಡೆ. ಬರೋ ಪೈಪಿಗೆ ಅರಿಶಿನ, ವಾಪಸ್ ಹೋಗೋದಕ್ಕೆ ಕುಂಕುಮ. ಆವಿ ಪೈಪಿಗೆ ನನ್ನ ಎಲೆಅಡಿಕೆ ಚೀಲದ ಸುಣ್ಣ ಬಳಿದೆ. ನನ್ನ ಬುದ್ಧಿಗೆ ನಾನೇ ಮೆಚ್ಕೊಂಡೆ. ಸೊಂಟ ಹಿಡ್ಕೊಂಡು ಟ್ಯಾಂಕು ಎತ್ತಿ ಕೂರಿಸಿ, ಹೊಸ ರಬ್ಬರ್ ತರೋಕೆ ಮಂಡ್ಯಕ್ಕೆ ಬಂದೆ. ಬರೋವಾಗ ಮೇಷ್ಟ್ರಿಗೆ ಹೇಳಿದ್ದೆ, ಯಾರೂ ಮುಟ್ಟಬಾರದು ಅಂತ.

ಮಾರನೇ ದಿನ ಮಂಗಳವಾರ. ಹೋಗಿ ಬಾನೆಟ್ ಎತ್ತಿದ್ರೆ, ನಮ್ಮಪ್ಪನಾಣೆ, ಮೂರೂ ಪೈಪಿಗೆ ಅರಿಶಿನ, ಮೂರಕ್ಕೂ ಕುಂಕುಮ, ಮೇಲೊಂದು ಮೊಳ ಸೇವಂತಿಗೆ! ನನ್ನ ಸುಣ್ಣವನ್ನ ನೀಟಾಗಿ ಒರೆಸಿ ಹಾಕಿದ್ರು.

"ಅಮ್ಮಾ, ಏನ್ ಮಾಡ್ಬುಟ್ರಿ ಇದು?"

"ನೀನೇ ಅಲ್ವಾ ಸುರು ಮಾಡಿದ್ದು? ಒಂದಕ್ಕೆ ಅರಿಸ್ನ ಅಚ್ಚಿ ಇನ್ನೊಂದಕ್ಕೆ ಬುಟ್ಟಿದ್ದೆ. ಅರ್ಧ ಪೂಜೆ ಮನೆಗೆ ಒಳ್ಳೇದಲ್ಲ ಕಣಪ್ಪ. ಸುಣ್ಣ ಯಾರಾದ್ರೂ ಅಚ್ತಾರಾ?"

"ಗುಜರಿಗೆ ಹಾಕೋ ಕಾರಿಗೆ ಪೂಜೆ ಯಾಕಮ್ಮಾ?"

"ಓಗ್ಲಿ ಬುಡು, ಓಗದು ಓಯ್ತದೆ, ಮುತ್ತೈದೆ ಥರ ಓಗ್ಲಿ."

೩. ಗೊಳಗೊಳ

ಟ್ಯಾಂಕು ಮತ್ತೆ ಇಳಿಸೋ ಶಕ್ತಿ ನನ್ನ ಸೊಂಟಕ್ಕಿರಲಿಲ್ಲ. ಉಳಿದದ್ದು ಒಂದೇ ದಾರಿ, ಮುಂದಿಂದ ಒಂದೊಂದೇ ಪೈಪಿಗೆ ಊದೋದು, ಹಿಂದೆ ಟ್ಯಾಂಕಿನ ಬಾಯಿಗೆ ಕಿವಿಕೊಟ್ಟು ಒಬ್ಬರು ಕೇಳೋದು. ಟ್ಯಾಂಕಿಗೆ ಒಂದು ಕ್ಯಾನ್ ಪೆಟ್ರೋಲ್ ಹುಯ್ದೆ. ಪೆಟ್ರೋಲ್ ಬರೋ ಪೈಪು ಟ್ಯಾಂಕಿನ ತಳಕ್ಕೆ ಮುಟ್ಟಿರ್ತದೆ, ಊದಿದ್ರೆ ಗುಳ್ಳೆ ಸದ್ದು ಬರಬೇಕು.

ಮೇಷ್ಟ್ರನ್ನ ಹಿಂದೆ ನಿಲ್ಲಿಸಿದೆ. ಊದಿದೆ. "ಬಂತಾ ಸಾರ್?"

"ಬಂತು."

ಎರಡನೇದು ಊದಿದೆ. "ಬಂತು." ಮೂರನೇದೂ ಬಂತು. ನಂಗೆ ಅನುಮಾನ ಆಯ್ತು. ಸುಮ್ನೆ ಊದದೇನೇ ಕೇಳಿದೆ, "ಈಗ ಬಂತಾ ಸಾರ್?"

"ಈಗಂತೂ ಚೆನ್ನಾಗಿ ಬಂತು!"

ಮೂವತ್ತು ವರ್ಷ ಹೈಸ್ಕೂಲ್ ಮಕ್ಕಳ ಗಲಾಟೆ ಕೇಳಿದ ಕಿವಿ, ಪಾಪ, ಅದೂ ರಿಟೈರ್ ಆಗಿತ್ತು. ವಿಧಿಯಿಲ್ಲದೆ ಆಯಮ್ಮನ್ನ ಕರೆದೆ. ಕುರಿಗೆ ಹಾಕ್ತಿದ್ದ ಸೊಪ್ಪನ್ನ ಅಲ್ಲೇ ಇಟ್ಟು, ಗೊಣಗ್ತಾ ಬಂದ್ರು. ಕುರಿ ಹೊಟ್ಟೆ ಉಬ್ಬರ ಕೇಳಿ ಅಭ್ಯಾಸ ಇದ್ದ ಕಿವಿ ಅದು. ಮೊದಲನೇ ಸಲ ಊದಿದ್ದಕ್ಕೇ, "ಗೊಳಗೊಳ ಅಂತದೆ," ಅಂದ್ರು. ಅದೇ ಬರೋ ಪೈಪು. ಮಿಕ್ಕ ಎರಡಕ್ಕೂ ಚೂರು ಚೂರು ಪೆಟ್ರೋಲ್ ಬಿಟ್ಟು ಊದಿದೆ. ಒಂದಕ್ಕೆ, "ಒಳಗಡೆ ಧಾರೆಯಾಗಿ ಬೀಳ್ತದೆ," ಅಂದ್ರು. ಅದು ವಾಪಸ್ ಪೈಪು. ಕಡೇದಕ್ಕೆ, "ಇದ್ಯಾಕೋ ಮೇಲ್ಗಡೆ ಮೂಲೇಲಿ ತುಂತುರು ಅಂತದೆ ಅಷ್ಟೆ," ಅಂದ್ರು. ಅದೇ ಆವಿ ಪೈಪು. ಈ ಮೂರು ಮಾತು ಕೇಳೋ ಅಷ್ಟರಲ್ಲಿ ನನ್ನ ಬಾಯಲ್ಲಿ ಎರಡು ಗುಟುಕು ಪೆಟ್ರೋಲು, ತಲೆ ಗಿರ್ರ್ ಅಂತಿತ್ತು. ನೆಲದ ಮೇಲೆ ಕೂತ್ಬಿಟ್ಟೆ.

ಬೇಲಿಯಾಚೆ ಹೋಗ್ತಿದ್ದ ಪಕ್ಕದ ಮನೆ ಗೌಡ್ರು ಅಷ್ಟೊತ್ತೂ ನಿಂತು ನೋಡ್ತಿದ್ರು. ನಾನು ಬಾಯಿ ಮುಕ್ಕಳಿಸಿ ಉಗಿಯೋದನ್ನೂ ನೋಡಿದ್ರು.

"ಏನ್ಲಾ ಮೆಕ್ಯಾನಿಕ್ಕು," ಅಂದ್ರು, "ಕುಡಿಯದೇ ಆದ್ರೆ ಬಾಟ್ಲಿಗೆ ಉಯ್ಕಂಡು ಕುಡಿಯಕಾಗಲ್ವಾ?"

೪. ಮೂರು ಗುಡಿ

ಗುರುವಾರ ಬೆಳಿಗ್ಗೆ ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯ್ತು. ಮೇಷ್ಟ್ರ ಕಣ್ಣಲ್ಲಿ ನೀರು. ಒಳ್ಳೇ ರಸ್ತೆ ಅಂತ ಮದ್ದೂರು ಮೇಲೆ ಮಂಡ್ಯಕ್ಕೆ ಹೋಗೋದು ಅಂತಾಯ್ತು. ದಾರೀಲಿ ಕೈಕೊಟ್ರೆ ಇರ್ಲಿ ಅಂತ ನನ್ನೂ ಹತ್ತಿಸ್ಕೊಂಡ್ರು. ಆಯಮ್ಮನೂ ಹೊಸ ಸೀರೆ ಉಟ್ಕೊಂಡು ಹಿಂದೆ ಕೂತ್ರು.

ಊರು ದಾಟಿ ಸ್ವಲ್ಪ ದೂರಕ್ಕೇ ಕಾರು ಕೆಮ್ಮಿ ನಿಂತೋಯ್ತು. ನಾನು ಬಾನೆಟ್ ಎತ್ತಿದೆ. ಪೆಟ್ರೋಲು ಮುಂದಕ್ಕೆ ಬರ್ತಿಲ್ಲ. ಎದುರಿಗೆ ಮಾರಮ್ಮನ ಗುಡಿ ಇತ್ತು. ಆಯಮ್ಮ ಇಳಿದು ಹೋಗಿ, ಕಣ್ಮುಚ್ಚಿ ಸುಮಾರು ಹೊತ್ತು ನಿಂತು ಬಂದ್ರು. ಕಾರು ಸ್ಟಾರ್ಟ್! ಮದ್ದೂರಿನ ಈಚೆ ಮತ್ತೆ ನಿಂತಿತು. ಅಲ್ಲೊಂದು ಆಂಜನೇಯನ ಗುಡಿ. ಆಯಮ್ಮ ಹೋಗಿ ಬಂದ್ರು, ಕಾರು ಸ್ಟಾರ್ಟ್. ಮದ್ದೂರು ದಾಟಿ ಇನ್ನೊಂದು ಸಲ, ಅಲ್ಲಿ ಬಸಪ್ಪನ ಗುಡಿ. ಮತ್ತೆ ಸ್ಟಾರ್ಟ್.

"ನೋಡಿದ್ಯಾ," ಅಂದ್ರು ಮೇಷ್ಟ್ರು ನಂಗೆ. "ಬಾಯಲ್ಲಿ ಬೈದ್ರೂ ಒಳಗೆ ಆಸೆ ಅದೆ ಅವಳಿಗೆ. ನನ್ನ ಕಾರಿಗೋಸ್ಕರ ಹರಕೆ ಹೊರ್ತಾ ಅವಳೆ."

ನಂಗೆ ದೇವರ ಮೇಲೆ ನಂಬಿಕೆ ಇದೆ. ಆದ್ರೆ ಪೆಟ್ರೋಲ್ ಪೈಪಿನ ವಿಷಯದಲ್ಲಿ ಅಷ್ಟಿಲ್ಲ. ಯಾಕೆ ನಿಲ್ತಿದೆ, ಯಾಕೆ ಹೊರಡ್ತಿದೆ, ಮೂವತ್ತು ವರ್ಷದ ಕಸುಬು ಒಂದಕ್ಕೂ ಬರ್ತಿಲ್ವಲ್ಲ ಅಂತ ನಾಚಿಕೆ ಆಗ್ತಿತ್ತು.

ತಪಾಸಣೆ ಮೈದಾನಕ್ಕೆ ಬಂದ್ವಿ. ನಮ್ಮ ಮುಂದೆ ಎರಡೇ ಗಾಡಿ. ಅಲ್ಲೇ ಕಾರು ಪ್ರಾಣ ಬಿಡ್ತು. ಸೆಲ್ಫ್ ಹೊಡೆದ್ರೂ ಇಲ್ಲ, ತಳ್ಳಿದ್ರೂ ಇಲ್ಲ. ಇನ್ಸ್‌ಪೆಕ್ಟರು ಮುಂದಿನ ಗಾಡಿ ಮುಗಿಸಿ ನಮ್ಮ ಕಡೆ ನೋಡಿದ್ರು. ಮೇಷ್ಟ್ರು ಸುತ್ತಾ ಕಣ್ಣಾಡಿಸಿ, ಬೆವೆತು, "ಅಯ್ಯೋ, ಇಲ್ಲೊಂದು ಗುಡೀನೂ ಇಲ್ವಲ್ಲೇ!" ಅಂತ ತಲೆ ಮೇಲೆ ಕೈ ಹೊತ್ರು.

ಟ್ಯಾಂಕಲ್ಲಿ ಪೆಟ್ರೋಲಾದ್ರೂ ಇದೆಯಾ ನೋಡಣ ಅಂತ ನಾನು ಮುಚ್ಚಳ ತಿರುಗಿಸಿದೆ. ಉಸ್ಸ್ ಅಂತ ಗಾಳಿ ಒಳಕ್ಕೆ ಎಳ್ಕೊಳ್ತು. ಓಹೋ! ಬಗ್ಗಿ ನೋಡಿದ್ರೆ, ಆವಿ ಪೈಪನ್ನ ಮಡಚಿ, ಗೋಣಿಚೀಲದ ದಾರದಲ್ಲಿ ಬಿಗಿಯಾಗಿ ಕಟ್ಟಿದ್ರು. ಪೆಟ್ರೋಲು ಹೋದಷ್ಟೂ ಗಾಳಿ ಒಳಗೆ ಬರಬೇಕಲ್ಲ? ಬರೋ ದಾರೀನೇ ಇಲ್ಲ. ಗುಡಿ ಹತ್ರ ನಿಂತಷ್ಟು ಹೊತ್ತು ಎಲ್ಲಿಂದ್ಲೋ ಚೂರು ಚೂರು ಗಾಳಿ ನುಸುಳಿ, ಮತ್ತೆ ಒಂದಷ್ಟು ದೂರ ಓಡ್ತಿತ್ತು.

"ಸಾರ್, ಯಾರ್ ಕಟ್ಟಿದ್ದು ಇದನ್ನ?"

ಮೇಷ್ಟ್ರು ಮೆಲ್ಲಗೆ ಅಂದ್ರು, "ಬೆಳಿಗ್ಗೆ ನಾನೇ ಕಟ್ಟಿದೆ. ಪೆಟ್ರೋಲು ಆವಿಯಾಗಿ ಹೋಗ್ಬಿಡ್ತದೆ ಕಣಪ್ಪ. ಎಂಟನೇ ಕ್ಲಾಸಿನ ಪಾಠ."

ಆ ಮೈದಾನದಲ್ಲೇ ಮಲಗಿಬಿಡೋಣ ಅನ್ನಿಸ್ತು ನಂಗೆ. ದಾರ ಕಿತ್ತೆಸೆದೆ, ಕಾರು ಗುರ್ರ್ ಅಂತು. ಇನ್ಸ್‌ಪೆಕ್ಟರು ಲೈಟು, ಹಾರನ್ನು, ಬ್ರೇಕು ಎಲ್ಲ ನೋಡಿ ಸಹಿ ಹಾಕಿದ್ರು. ಐದು ವರ್ಷ!

ಮೇಷ್ಟ್ರು ಮಗು ಥರ ಅತ್ರು. ಹೆಂಡ್ತಿ ಕೈ ಹಿಡ್ಕೊಂಡು, "ಪೈಪಲ್ಲ ಕಣೇ, ನಿನ್ನ ಹರಕೇನೇ ನಮ್ಮನ್ನ ಇಲ್ಲಿಗಂಟ ತಂದಿದ್ದು. ನನ್ನ ಕಾರಿಗೆ ನೀನು ಮೂರು ಗುಡೀಲಿ ಕೈ ಮುಗಿದೆ, ನಿನ್ನ ಕುರಿಗಳಿಗೆ ನಾನು ಹೊಸಾ ಕೊಟ್ಟಿಗೆ ಕಟ್ಟಿಸ್ತೀನಿ, ಶೀಟು ಹಾಕಿ!" ಅಂದು, ಕಾಗದ ಈಸ್ಕೊಳ್ಳೋಕೆ ಒಳಗೆ ಹೋದ್ರು.

ಆಯಮ್ಮ ಸೆರಗು ಸರಿ ಮಾಡ್ಕೊಂಡು ನನ್ನ ಪಕ್ಕಕ್ಕೆ ಬಂದ್ರು. ನಂಗೂ ಮನಸ್ಸು ತುಂಬಿ ಬಂದಿತ್ತು. "ದೊಡ್ಡ ಮನಸ್ಸು ಕಣಮ್ಮ ನಿಮ್ದು," ಅಂದೆ.

"ಮೆತ್ತಗೆ ಮಾತಾಡ್ಲಾ," ಅಂದ್ರು. "ಮೂರ್ ಗುಡೀಲೂ ನಾನ್ ಬೇಡ್ಕಂಡಿದ್ದು ಈ ಕಾರು ಅಲ್ಲೇ ಕೆಟ್ಟು ನಿಂತ್ಕಳ್ಳಿ ಅಂತ. ಅವರ್ಗೆ ಏಳ್ಬುಟ್ಟೀಯ, ಮೊದ್ಲು ಕೊಟ್ಗೆ ಕಟ್ಟಿಸ್ಲಿ."